ಕಬ್ಬಿಣದ ನೀರಿಗದ್ದಿದ ಹಸಿರು ಸೀರೆ

ತೆಂಗಿನ ಸೀಮೆಯಲ್ಲಿ ಬಿಳಿ ಬಟ್ಟೆ ಬಹಳ ದಿನ ಬಿಳಿಯಾಗಿ ಉಳಿಯುವುದಿಲ್ಲ. ಎಳನೀರು ಕೊಚ್ಚುವಾಗ ಸಿಡಿದ ಹನಿ, ಕಾಯಿ ಸುಲಿದ ಹಸಿ ಮಟ್ಟೆ ಹೊತ್ತು ತರುವಾಗ ಹೆಗಲಿಗೆ ಒಸರಿದ ರಸ ಆ ಹೊತ್ತಿಗೆ ಕಣ್ಣಿಗೆ ಬೀಳುವುದಿಲ್ಲ. ಒಗೆದು ಬಿಸಿಲಿಗೆ ಹರವಿದ ಮೇಲೆ ಕಂದು ಕರೆಯಾಗಿ ಮೇಲೇಳುತ್ತದೆ. ಎದ್ದದ್ದು ಮತ್ತೆ ಇಳಿಯುವುದಿಲ್ಲ. ಸೀಗೆ, ಅಂಟುವಾಳ, ಸವಳು ಮಣ್ಣು, ಪೇಟೆಯ ಸೋಪು ಯಾವುದಕ್ಕೂ ಅದು ಜಗ್ಗುವುದಿಲ್ಲ. ಮಟ್ಟೆಯೊಳಗಿನ ಒಗರು ನೂಲಿಗೆ ಹೊಕ್ಕು, ಗಾಳಿ ಬೆಳಕು ತಾಕಿದ ಮೇಲೆ ನೂಲಿನ ಭಾಗವೇ ಆಗಿಬಿಡುತ್ತದೆ.

ಕಂದಿಕೆರೆಯ ರಾಮಕ್ಕ ಈ ಕರೆಯಿಂದಲೇ ಬದುಕು ಕಟ್ಟಿಕೊಂಡವಳು. ಅವಳ ಗಂಡ ವೆಂಕಟಯ್ಯ ಕಾಯಿ ಸುಲಿಯುತ್ತಿದ್ದ. ಅವನು ಎದೆಯ ಕಾಯಿಲೆಯಲ್ಲಿ ತೀರಿಕೊಂಡಾಗ ಒಬ್ಬಳೇ ಮಗಳು ಬೋರಮ್ಮನಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಆ ವರ್ಷ ರಾಮಕ್ಕ ಗಂಡನ ಪಂಚೆಗಳನ್ನು ಹರಿದು ಮಗಳಿಗೆ ಲಂಗ ಹೊಲಿದಳು. ಲಂಗದ ತುಂಬ ಕರೆ. ಹುಡುಗಿ ಉಡಲೊಲ್ಲೆನೆಂದು ಅತ್ತಿತು. ಕರೆ ಹೋಗುವುದಿಲ್ಲವೆಂಬುದು ರಾಮಕ್ಕನಿಗೆ ಗೊತ್ತೇ ಇತ್ತು. ಹಾಗಾದರೆ ಮಿಕ್ಕ ಬಟ್ಟೆಯನ್ನೇ ಕರೆಯ ಬಣ್ಣಕ್ಕೆ ತಂದರೆ ಹೇಗೆ ಎಂದು ಯೋಚಿಸಿದಳು. ಹಸಿ ಮಟ್ಟೆ ಕೊಚ್ಚಿ, ಮಣ್ಣಿನ ಗುಡಾಣದಲ್ಲಿ ನೆನೆಹಾಕಿ, ಕುದಿಸಿ, ಲಂಗವನ್ನು ಅದ್ದಿದಳು. ಮೊದಲ ಸಲ ಬಣ್ಣ ತೇಪೆತೇಪೆಯಾಗಿ ಹತ್ತಿತು. ಅಳಲೆಕಾಯಿ ಪುಡಿಯ ನೀರಿನಲ್ಲಿ ಬಟ್ಟೆಯನ್ನು ಮೊದಲೇ ನೆನೆಸಿ, ಆಮೇಲೆ ಪಟಿಕದ ನೀರಿಗೆ ಹಾಕಿ, ಕೊನೆಗೆ ಮಟ್ಟೆ ಕಷಾಯಕ್ಕೆ ಇಳಿಸಿದರೆ ಒಂದೇ ಸಮನೆ ಹತ್ತುತ್ತದೆಂಬುದು ಹಲವು ಬಟ್ಟೆ ಕೆಟ್ಟ ಮೇಲೆ ತಿಳಿಯಿತು. ಕೊನೆಗೆ ಬಂದ ಬಣ್ಣ ಚೆನ್ನಾಗಿ ಹುರಿದ ರಾಗಿಯದು. ಕರೆ ಎಲ್ಲಿತ್ತೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಆಮೇಲೆ ಊರಿನವರೂ ಕರೆ ಬಿದ್ದ ಬಟ್ಟೆ ತರತೊಡಗಿದರು. ಬಣ್ಣಕ್ಕೂ ತಡೆಯದಷ್ಟು ಸವೆದದ್ದನ್ನು ರಾಮಕ್ಕ ಕೌದಿಗೆ ತೆಗೆದಿಡುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸುತ್ತುತ್ತಾ ದಾರ ಓಡಿಸುತ್ತಿದ್ದಳು. ಅವಳ ಜಗುಲಿಯಲ್ಲಿ ಮಧ್ಯಾಹ್ನವೆಲ್ಲ ಹೆಂಗಸರ ಮಾತು. ಪಕ್ಕದ ಮನೆಯ ಸಿದ್ದಗಂಗಮ್ಮ ಒಮ್ಮೆ ಗಂಡನ ಅಂಗಿ ತಂದು, ಇದರಲ್ಲಿ ಕರೆ ಇಲ್ಲದ ಜಾಗ ತೋರಿಸಿದರೆ ನಿನಗೆ ಒಂದು ಕೊಬ್ಬರಿ ಗಿಟುಕು ಕೊಡುತ್ತೇನೆ ಎಂದಳು.

"ಅಂಗಿ ಯಾಕೆ, ನಿನ್ ಗಂಡನ್ನೇ ಕರ್ಕಂಡ್ ಬಾ, ಅದ್ದಿ ತೆಗೀತೀನಿ. ಮೈಯೂ ಅಂಗೀನೂ ಒಂದೇ ಬಣ್ಣಕ್ಕೆ ಬತ್ತವೆ," ಎಂದಳು ರಾಮಕ್ಕ.

ಅವಳ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಬಟ್ಟೆ ಕೈಗೆ ತೆಗೆದುಕೊಳ್ಳುವ ಮುಂಚೆ, ಇದು ಯಾರದು, ಇದ್ದಾರೆಯೇ, ತೀರಿಹೋದವರೇ ಎಂದು ಕೇಳುತ್ತಿದ್ದಳು. ಹೋದವರ ಬಟ್ಟೆಯ ಕೌದಿಯನ್ನೂ ಹೊಲಿದುಕೊಡುತ್ತಿದ್ದಳು. ಆದರೆ ಹೋದವರ ಬಟ್ಟೆ, ಇರುವವರ ಬಟ್ಟೆ ಎರಡನ್ನೂ ಒಂದೇ ದಾರದಲ್ಲಿ ಹೊಲಿಯುತ್ತಿರಲಿಲ್ಲ. ಹಾಗೆ ಹೊಲಿದರೆ ಹೋದವರು ಆ ದಾರ ಹಿಡಿದು ಇರುವವರನ್ನು ಜಗ್ಗುತ್ತಾರೆ ಎಂದು ಅವಳ ಅಜ್ಜಿ ಹೇಳಿದ್ದಳು. ರಾಮಕ್ಕ ಅದನ್ನು ನಂಬಿದ್ದಳೋ ಇಲ್ಲವೋ, ಮೀರಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಬೋರಮ್ಮನನ್ನು ಹಂದನಕೆರೆಯ ಹುಚ್ಚರಂಗಯ್ಯನಿಗೆ ಕೊಟ್ಟಳು. ಸ್ವಲ್ಪ ತೋಟ, ಸ್ವಲ್ಪ ಹೊಲ, ಮನೆಯಲ್ಲಿ ತಾಯಿ ಮಗ ಇಬ್ಬರೇ. ಅತ್ತೆ ಭೂತಮ್ಮ ಮಾತಿಗೆ ಒರಟು, ಬಡಿಸುವ ಕೈ ದೊಡ್ಡದು. ಮದುವೆಗೆ ರಾಮಕ್ಕ ತಿಪಟೂರಿನಿಂದ ಗಿಣಿಹಸಿರಿನ ನೂಲಿನ ಸೀರೆ ತಂದಿದ್ದಳು, ಕೆಂಪು ಅಂಚಿನದು. ಬೋರಮ್ಮ ಅದನ್ನು ಎಷ್ಟು ಉಡುತ್ತಿದ್ದಳೆಂದರೆ ಹಂದನಕೆರೆಯ ಹೆಂಗಸರು ಅವಳನ್ನು ಗುರುತಿಸುತ್ತಿದ್ದದ್ದೇ ಹಸಿರು ಸೀರೆಯವಳು ಎಂದು.

ಚೊಚ್ಚಲ ಹೆರಿಗೆಗೆ ಬೋರಮ್ಮ ತವರಿಗೆ ಬಂದಳು. ಎಪ್ಪತ್ತೈದರ ಚಳಿಗಾಲ. ಹೆಣ್ಣು ಮಗು ಹುಟ್ಟಿತು. ಹೆರಿಗೆ ಸಲೀಸಾಗಿಯೇ ಆಯಿತು. ಮೂರನೆಯ ದಿನ ಬಾಣಂತಿಗೆ ಜ್ವರ ಬಂತು. ಸನ್ನಿ ಎಂದರು. ಕಷಾಯ ಕೊಟ್ಟರು, ಧೂಪ ಹಾಕಿದರು. ಗಾಡಿ ಕಟ್ಟಿಸಿ ಚಿಕ್ಕನಾಯಕನಹಳ್ಳಿಯ ದಾರಿ ಹಿಡಿದಾಗ ತಡವಾಗಿತ್ತು. ಅರ್ಧ ದಾರಿಯಲ್ಲೇ ಬೋರಮ್ಮನ ಉಸಿರು ನಿಂತಿತು. ಗಾಡಿ ಹಿಂದಿರುಗಿತು.

ಹಸುವಿನ ಹಾಲಿಗೆ ನೀರು ಬೆರೆಸಿ ರಾಮಕ್ಕ ಕೂಸನ್ನು ಮೂರು ತಿಂಗಳು ಸಾಕಿದಳು. ಆಮೇಲೆ ಭೂತಮ್ಮ ಬಂದಳು. ಮಗುವನ್ನು ಎತ್ತಿ, ಎದೆಗೆ ಒತ್ತಿಕೊಂಡು ತುಂಬ ಹೊತ್ತು ಕೂತಳು. ರಾಮಕ್ಕನ ಮೇಲೆ ದೂರು ಹೊರಿಸಲಿಲ್ಲ. ಹೊರಡುವ ಮುಂಚೆ ಮೂಲೆಯಲ್ಲಿದ್ದ ಬೋರಮ್ಮನ ಪೆಟ್ಟಿಗೆಯ ಕಡೆ ನೋಡಿದಳು.

"ರಾಮಕ್ಕ, ಅವಳ ಬಟ್ಟೆ ಒಂದ್ ಎಳೇನೂ ಈ ಮಗೀನ ಜತೇಲಿ ಬರಬಾರ್ದು. ಮುಂದಕ್ಕೂ ಬರಬಾರ್ದು."

ಭೂತಮ್ಮ ತಾನಾಗಿಯೇ ಕಾರಣ ಹೇಳಿದಳು. ಅವಳ ತಂಗಿ ಹೀಗೆಯೇ ಬಾಣಂತನದಲ್ಲಿ ಹೋಗಿದ್ದಳಂತೆ. ಕೂಸನ್ನು ಅವಳ ಸೀರೆಯಲ್ಲೇ ಸುತ್ತಿ, ಅವಳ ಸೀರೆಯ ಜೋಲಿಯಲ್ಲೇ ಮಲಗಿಸುತ್ತಿದ್ದರಂತೆ. ಒಂದು ತಿಂಗಳೂ ಬಾಳಲಿಲ್ಲವಂತೆ ಆ ಕೂಸು.

"ಹಾಲು ಕುಡಿಸದೆ ಹೋದ ತಾಯಿ ಆಸೆ ಬುಡಾಕಿಲ್ಲ ಕಣವ್ವ. ಬಟ್ಟೆ ಗುರ್ತು ಹಿಡ್ಕಂಡ್ ಬತ್ತಾಳೆ. ಅವಳ ತಪ್ಪಲ್ಲ ಅದು."

ಬರುವುದಿಲ್ಲ ಎಂದು ರಾಮಕ್ಕ ಮಾತು ಕೊಟ್ಟಳು. ಮಗುವಿಗೆ ಪುಟ್ಟಗಂಗಮ್ಮ ಎಂದು ಹೆಸರಿಟ್ಟರು. ವರ್ಷ ತುಂಬಿದ ಮೇಲೆ ಹುಚ್ಚರಂಗಯ್ಯ ರಂಗಮ್ಮ ಎಂಬವಳನ್ನು ಮಾಡಿಕೊಂಡ. ಮಲತಾಯಿಯ ಕಾಟವಿರಬಹುದೆಂದು ರಾಮಕ್ಕ ಮೊದಮೊದಲು ತಿಂಗಳಿಗೊಮ್ಮೆ ಬಸ್ಸು ಬದಲಾಯಿಸಿಕೊಂಡು ಹಂದನಕೆರೆಗೆ ಹೋಗಿ ನೋಡುತ್ತಿದ್ದಳು. ಕಾಟವೇನೂ ಇರಲಿಲ್ಲ. ರಂಗಮ್ಮ ಮಗುವಿನ ತಲೆಯಲ್ಲಿ ಹೇನು ಹೆಕ್ಕುತ್ತಿದ್ದಳು, ಗದರುತ್ತಿದ್ದಳು, ಎತ್ತಿಕೊಳ್ಳುತ್ತಿದ್ದಳು. ಮಗು ಅವಳನ್ನು ಅವ್ವ ಎನ್ನುತ್ತಿತ್ತು. ರಾಮಕ್ಕನಿಗೆ ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಬಸ್ಸಿನಲ್ಲಿ ಹಿಂತಿರುಗುವಾಗ ಬೇರೊಂದು ಯೋಚನೆ ಕೊರೆಯುತ್ತಿತ್ತು. ಬೋರಮ್ಮನದೊಂದು ಪಟ ಇರಲಿಲ್ಲ. ಒಡವೆಯೆಂದು ಇದ್ದ ತಾಳಿಯ ಗುಂಡು ಗಂಡನ ಮನೆತನದ್ದು, ಅಲ್ಲಿಗೇ ಹೋಗಿತ್ತು. ಆ ಮನೆಯಲ್ಲಿ ಬೋರಮ್ಮ ಬಾಳಿದ್ದಕ್ಕೆ ಒಂದು ಗುರುತು ಉಳಿದಿರಲಿಲ್ಲ. ಹೆತ್ತವಳು ಒಬ್ಬಳಿದ್ದಳು ಎಂದು ನಾಳೆ ಈ ಮಗುವಿಗೆ ಯಾವುದನ್ನು ತೋರಿಸಿ ಹೇಳುವುದು?

ಮಗುವಿಗೆ ಮೂರು ತುಂಬುವ ಹೊತ್ತಿಗೆ ಭೂತಮ್ಮನೇ ಒಂದು ಗಂಟು ಕಳಿಸಿದಳು. ಹುಚ್ಚರಂಗಯ್ಯನ ಸವೆದ ಪಂಚೆಗಳು, ಭೂತಮ್ಮನದೇ ಒಂದು ಹಳೆಯ ಸೀರೆ. ಪುಟ್ಟಗಂಗಿ ಈಗ ಬೇರೆ ಮಲಗುತ್ತದೆ, ಚಳಿಗೊಂದು ಕೌದಿ ಹೊಲಿದುಕೊಡು ಎಂದು ಹೇಳಿಕಳಿಸಿದ್ದಳು.

ರಾಮಕ್ಕ ಗಂಟನ್ನು ಬಿಚ್ಚಿ ಜಗುಲಿಯ ಮೇಲೆ ಹರವಿದಳು. ಆಮೇಲೆ ಒಳಗೆ ಹೋಗಿ, ಮೂರು ವರ್ಷದಿಂದ ಮುಟ್ಟದೆ ಬಿಟ್ಟಿದ್ದ ಪೆಟ್ಟಿಗೆಯನ್ನು ತೆಗೆದಳು.

ಮೊದಲು ಮಟ್ಟೆ ಬಣ್ಣದಲ್ಲೇ ಮುಗಿಸೋಣವೆಂದುಕೊಂಡಿದ್ದಳು. ಬೋರಮ್ಮನ ಇನ್ನೊಂದು ಸೀರೆ, ಬಿಳಿಯ ಮೇಲೆ ಸಣ್ಣ ಚೌಕುಳಿಯದು, ಆ ಬಣ್ಣದಲ್ಲಿ ಚೆನ್ನಾಗಿಯೇ ಮುಳುಗಿತು. ಹಸಿರು ಸೀರೆ ಮುಳುಗಲಿಲ್ಲ. ಕಂದು ಬಣ್ಣ ಅದರ ಮೇಲೆ ಕೂತು ಕೆಸರು ಹಸಿರಾಯಿತು, ಕೆಂಪು ಅಂಚು ಇನ್ನಷ್ಟು ಗಾಢವಾಗಿ ಎದ್ದು ಕಂಡಿತು. ಎರಡು ಸಲ ಅದ್ದಿದಳು. ಒಣಗಿಸಿ ಬೆಳಕಿಗೆ ಹಿಡಿದಳು. ಹಂದನಕೆರೆಯಲ್ಲಿ ಯಾರು ಕಂಡರೂ ಇದು ಹಸಿರು ಸೀರೆಯವಳದು ಎಂದು ಬಾಯಿ ಬಿಡುವ ಹಾಗಿತ್ತು.

ಅದನ್ನು ಪೂರ್ತಿ ಮುಚ್ಚಬಲ್ಲ ಬಣ್ಣ ಒಂದೇ ಇತ್ತು. ಅದು ಕಬ್ಬಿಣದ ಕಪ್ಪು. ನೇಗಿಲಿನ ಸವೆದ ಕುಳದ ಚೂರು, ತುಕ್ಕು ಹಿಡಿದ ಮೊಳೆ, ಎತ್ತಿನ ಹಳೆಯ ಲಾಳ ಇವನ್ನು ಬೆಲ್ಲದ ನೀರಿನಲ್ಲಿ ಹಾಕಿ ಹುಳಿಯಲು ಬಿಡಬೇಕು. ಎರಡು ವಾರಕ್ಕೆ ಮೂಗು ಮುಚ್ಚಿಕೊಳ್ಳುವಂಥ ನೀರಾಗುತ್ತದೆ. ಅಳಲೆಕಾಯಿ, ಮಟ್ಟೆಗಳ ಒಗರು ಕುಡಿದ ಬಟ್ಟೆಯನ್ನು ಅದರಲ್ಲಿ ಮುಳುಗಿಸಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಕೆಳಗೆ ಯಾವ ಬಣ್ಣವಿದ್ದರೂ ಉಳಿಯುವುದಿಲ್ಲ.

ಆದರೆ ಆ ಕಪ್ಪು ಬಟ್ಟೆಯನ್ನು ತಿನ್ನುತ್ತದೆ. ರಾಮಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು. ಒಗರೂ ಕಬ್ಬಿಣವೂ ಸೇರಿ ನೂಲಿನ ಮೇಲೆ ಕೂತರೆ, ಗಾಳಿ ತೇವ ತಾಕಿದಂತೆಲ್ಲ ನೂಲು ಒಳಗೊಳಗೇ ಸಾಯುತ್ತ ಬರುತ್ತದೆ. ಮಟ್ಟೆ ಬಣ್ಣದ ಕೌದಿ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಕಬ್ಬಿಣದ ಕಪ್ಪಿನದು ಏಳೆಂಟು ವರ್ಷ ತಡೆದರೆ ಹೆಚ್ಚು. ಕೌದಿಗೆ ಕಪ್ಪು ಕೇಳಿದವರಿಗೆ ಅವಳು ಹೇಳಿಯೇ ಹಾಕುತ್ತಿದ್ದಳು.

ಗುಡಾಣದ ಮುಂದೆ ಕೂತು ಅವಳು ಲೆಕ್ಕ ಹಾಕಿದಳು. ಮಗುವಿಗೆ ಈಗ ಮೂರು. ಬಟ್ಟೆ ಜೀರ್ಣವಾಗುವ ಹೊತ್ತಿಗೆ ಹತ್ತೋ ಹನ್ನೊಂದೋ ಆಗಿರುತ್ತದೆ, ಹೇಳಿದರೆ ತಿಳಿಯುವ ವಯಸ್ಸು. ಅಷ್ಟರೊಳಗೆ ಒಂದು ದಿನ ನೋಡಿ ಹೇಳಿಬಿಟ್ಟರೆ ಆಯಿತು. ನೀನು ಇಷ್ಟು ವರ್ಷ ಹೊದ್ದು ಮಲಗಿದ್ದು ನಿನ್ನ ಹೆತ್ತವ್ವನನ್ನು ಎಂದು. ಅಲ್ಲಿಯವರೆಗೆ ಬಟ್ಟೆ ಬದುಕಿದ್ದರೆ ಸಾಕು.

ಕೌದಿಯ ಮೈ ಒಂದೇ ಬಣ್ಣವಾಗಲೆಂದು ಚೌಕುಳಿ ಸೀರೆಯನ್ನೂ ಹಸಿರು ಸೀರೆಯನ್ನೂ ಕಬ್ಬಿಣದ ನೀರಿಗೆ ಇಳಿಸಿದಳು. ಕೋಲಿನಿಂದ ತಿರುವುವಾಗ ಕೊನೆಗೆ ಮುಳುಗಿದ್ದು ಹಸಿರು ಸೀರೆಯ ಸೆರಗು.

ಕೌದಿಯ ಮೇಲ್ಮೈಗೆ ಬೋರಮ್ಮನ ಸೀರೆಗಳು, ಕೆಳಗಿನ ಪದರಕ್ಕೆ ಹುಚ್ಚರಂಗಯ್ಯನ ಪಂಚೆ, ನಡುವೆ ಭೂತಮ್ಮನ ಸೀರೆ. ಹೋದವಳು, ಇರುವವರು ಒಂದೇ ದಾರದಲ್ಲಿ. ಮೊದಲ ಹೊಲಿಗೆ ಹಾಕುವಾಗ ರಾಮಕ್ಕನ ಕೈ ಸ್ವಲ್ಪ ತಡೆಯಿತು. ಗಂಡ ಹೆಂಡತಿ ಬಟ್ಟೆ, ಬೇರೆಯವರದ್ದೇನಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಸೂಜಿ ತೂರಿಸಿದಳು.

ಭೂತಮ್ಮ ಕೌದಿಯನ್ನು ಹಿಡಿದು ತಿರುಗಿಸಿ ನೋಡಿದಳು. ಮಗಿನ ಕೌದಿಗೆ ಕಪ್ಪು ಯಾಕೆ ಹಾಕಿದೆ ಎಂದು ಗೊಣಗಿದಳು. ಕೊಳೆ ಕಾಣುವುದಿಲ್ಲ ಎಂದಳು ರಾಮಕ್ಕ. ಅದೂ ಸರಿಯೇ ಎನ್ನಿಸಿತೇನೋ, ಭೂತಮ್ಮ ಮಗುವಿನ ಮೇಲೆ ಹೊದಿಸಿ ಅಳತೆ ನೋಡಿದಳು. ಪುಟ್ಟಗಂಗಿ ಅದರೊಳಗೆ ತೂರಿಕೊಂಡು ತಲೆ ಮಾತ್ರ ಹೊರಗೆ ಹಾಕಿತು. ಅಂದಿನಿಂದ ಅದಿಲ್ಲದೆ ಮಲಗುತ್ತಿರಲಿಲ್ಲ ಎಂದು ರಂಗಮ್ಮ ಆಮೇಲೆ ಹೇಳುತ್ತಿದ್ದಳು. ಕಣಕ್ಕೆ ಹೋದರೂ ಎಳೆದುಕೊಂಡು ಹೋಗುವುದು, ಒಗೆಯಲು ತೆಗೆದರೆ ಒಣಗುವವರೆಗೂ ಅದರ ಕೆಳಗೇ ಕೂತಿರುವುದು. ಈ ಮಾತು ಕೇಳಿದ ದಿನ ರಾಮಕ್ಕನಿಗೆ ಊಟ ಸೇರಿತು. ಮಗಳು ಹೋದ ಮೇಲೆ ಅವಳು ಎರಡನೆಯ ಮುದ್ದೆ ಹಾಕಿಸಿಕೊಂಡದ್ದು ಅಂದೇ.

ಎರಡು ವರ್ಷ ಹೀಗೇ ಹೋಯಿತು. ಎಂಬತ್ತರ ಮಳೆಗಾಲದಲ್ಲಿ ಹಂದನಕೆರೆಯಿಂದ ಸುದ್ದಿ ಬಂತು, ಪುಟ್ಟಗಂಗಿಗೆ ಜ್ವರ, ಬಿಡುತ್ತಿಲ್ಲ ಎಂದು. ರಾಮಕ್ಕ ಗುಡಾಣದಲ್ಲಿ ನೆನೆಹಾಕಿದ್ದನ್ನು ಹಾಗೆಯೇ ಬಿಟ್ಟು ಹೊರಟಳು.

ತಿಪಟೂರಿನ ಡಾಕ್ಟರು ನೋಡಿದ್ದರು. ಇದು ಟೈಫಾಯಿಡ್, ಕರುಳಿನ ಜ್ವರ, ಔಷಧಿ ಶುರುವಾದ ಮೇಲೂ ಇಳಿಯಲು ನಾಲ್ಕೈದು ದಿನ ಬೇಕು, ಹೆದರಬೇಡಿ, ಕುದಿಸಿದ ನೀರು ಕೊಡಿ ಎಂದಿದ್ದರು. ಔಷಧಿ ಶುರುವಾಗಿ ಎರಡು ದಿನವಾಗಿತ್ತು. ಹೊರಗೆ ಮಧ್ಯಾಹ್ನದ ಜಡಿಮಳೆ. ನಡುಮನೆಯಲ್ಲಿ ಮಗು ಕಪ್ಪು ಕೌದಿಯನ್ನು ಗಲ್ಲದವರೆಗೆ ಹೊದ್ದು ಮಲಗಿತ್ತು. ಕೆನ್ನೆ ಒಳಗೆ ಹೋಗಿತ್ತು. ಭೂತಮ್ಮ ಪಕ್ಕದಲ್ಲಿ ಕೂತು ಗಂಜಿಯ ಬಟ್ಟಲು ಹಿಡಿದಿದ್ದಳು. ರಂಗಮ್ಮ ಹಿಂದಿನ ಎರಡು ರಾತ್ರಿ ಕೂತಿದ್ದವಳು ಒಳಗೆ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು.

ರಾಮಕ್ಕ ಮಗುವಿನ ಹಣೆ ಮುಟ್ಟಿದಳು. ಮಗು ಕಣ್ಣು ಬಿಡದೆಯೇ ತುಟಿ ಅಲುಗಿಸಿತು. ಅವ್ವ, ಎಂದಿತು.

ಜ್ವರದಲ್ಲಿದ್ದ ಮಗು ಮನೆಯಲ್ಲಿರುವ ಅವ್ವನನ್ನು ಕರೆಯುವುದು ಸಹಜ. ರಂಗಮ್ಮನನ್ನೇ ಅದು ಕರೆದದ್ದು. ಆದರೆ ರಾಮಕ್ಕನ ಕಣ್ಣು ಕೌದಿಯ ಮೇಲಿತ್ತು. ತಾನು ಹಾಕಿದ ಹೊಲಿಗೆಯ ಸುತ್ತುಗಳು ಮಗುವಿನ ಎದೆಯ ಮೇಲೆ ಏರಿ ಇಳಿಯುತ್ತಿದ್ದವು. ಅಜ್ಜಿಯ ಮಾತು ನೆನಪಾಯಿತು. ಭೂತಮ್ಮನ ತಂಗಿಯ ಕೂಸು ನೆನಪಾಯಿತು. ಮಗಳು ಬಂದಿದ್ದಾಳೆ, ದಾರ ಹಿಡಿದು ಜಗ್ಗುತ್ತಿದ್ದಾಳೆ, ದಾರ ಕೊಟ್ಟವಳು ನಾನೇ ಎಂದು ಅವಳಿಗೆ ಭಯವಾಯಿತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೌದಿ ಅಲ್ಲೇ ಉಳಿಯುತ್ತಿತ್ತು. ಅದೂ ಅವಳಿಗೆ ಗೊತ್ತಿತ್ತು.

"ಭೂತವ್ವ, ಆ ಕೌದಿ ತೆಗೆದ್ಬುಡು," ಎಂದಳು.

"ಯಾಕೆ? ಚಳಿ ಅಂತದೆ ಮಗ."

"ಅದ್ರಾಗೆ ಬೋರಿ ಸೀರೆ ಐತೆ."

ಭೂತಮ್ಮ ಬಟ್ಟಲನ್ನು ಕೆಳಗಿಟ್ಟಳು. ಕೌದಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು. ಎರಡು ವರ್ಷ ದಿನಾ ಮಡಿಸಿಟ್ಟ ಬಟ್ಟೆ ಅದು.

"ಹಸಿರುದಾ?"

"ಊಂ. ಕರೀದು ಮಾಡ್ದೆ, ನಿಂಗೆ ಗೊತ್ತಾಗ್ದಿರ್ಲಿ ಅಂತ."

"ಮಾತು ಕೊಟ್ಟಿದ್ದೆ ಕಣೇ ನೀನು."

"ಕೊಟ್ಟಿದ್ದೆ."

ಭೂತಮ್ಮ ಎದ್ದು ಕೌದಿಯನ್ನು ಮಗುವಿನ ಮೇಲಿಂದ ತೆಗೆದಳು. ಮಗು ನಿದ್ದೆಯಲ್ಲೇ ಅದರ ಮೂಲೆ ಹಿಡಿದಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ತನ್ನ ಹೆಗಲ ಕಂಬಳಿಯನ್ನು ಮಗುವಿಗೆ ಹೊದಿಸಿ, ಕೌದಿಯನ್ನು ನಾಲ್ಕು ಮಡಿಕೆ ಮಾಡಿ ರಾಮಕ್ಕನ ಮಡಿಲಿಗಿಟ್ಟಳು.

"ತಗಂಡ್ ಹೋಗಿ ಸುಟ್ಟಾಕು. ಈ ಮಾತು ನಿನ್ನಲ್ಲೇ ಇರ್ಲಿ, ನನ್ನಲ್ಲೇ ಇರ್ಲಿ. ಮಗಿನ ಮುಂದೆ ಅವಳ ಹೆಸರೂ ಎತ್ತಬ್ಯಾಡ. ನಾನು ಕಣ್ಮುಚ್ಚೋಗಂಟ ಎತ್ತಬ್ಯಾಡ."

ಎತ್ತುವುದಿಲ್ಲ ಎಂದಳು ರಾಮಕ್ಕ. ಇದು ಎರಡನೆಯ ಮಾತು. ಇದನ್ನು ಅವಳು ಉಳಿಸಿಕೊಂಡಳು.

ಮೂರು ದಿನಕ್ಕೆ ಜ್ವರ ಇಳಿಯಿತು. ಡಾಕ್ಟರು ಹೇಳಿದ್ದ ಹೊತ್ತಿಗೇ ಇಳಿಯಿತು. ಔಷಧಿ ಮಾಡುವ ಕೆಲಸವನ್ನು ಮಾಡಿತ್ತು. ಆದರೆ ಇಬ್ಬರು ಮುದುಕಿಯರೂ ಅದನ್ನು ಹಾಗೆ ಎಣಿಸಲಿಲ್ಲ. ಭೂತಮ್ಮ ದೇವರಿಗೆ ಕಾಯಿ ಒಡೆದಳು. ರಾಮಕ್ಕ ಅಳುತ್ತಾ ಕೈಮುಗಿದದ್ದು ಮಗಳಿಗೆ. ಬಿಟ್ಟುಕೊಟ್ಟೆಯಲ್ಲ ತಾಯಿ ಎಂದು.

ಎದ್ದು ಕೂತ ಮೇಲೆ ಮಗು ಕೌದಿ ಕೇಳಿತಂತೆ. ಇಲಿ ಕಡಿದಿತ್ತು, ಕಂದಿಕೆರೆಯ ಅಜ್ಜಿ ಹೊಸದು ತರುತ್ತಾಳೆ ಎಂದು ಭೂತಮ್ಮ ಹೇಳಿದ್ದಳು. ರಾಮಕ್ಕ ಹೊಲಿಯಲು ಕೂತಳು. ಸಿದ್ದಗಂಗಮ್ಮನ ಮನೆಯ ಸವೆದ ಸೀರೆ, ಯಾರದೋ ಲುಂಗಿ, ಯಾರದೋ ರವಿಕೆಯ ತುಂಡು, ಎಲ್ಲ ಇರುವವರವೇ. ಎಲ್ಲಕ್ಕೂ ಮಟ್ಟೆಯ ಕಂದು. ಅದೇ ಅಳತೆ, ಅದೇ ಸುತ್ತು. ಒಯ್ದು ಕೊಡುವಾಗ, ಇದು ಅದಲ್ಲ ಎಂದು ಮಗು ಅತ್ತೀತೆಂದು ಅವಳಿಗೆ ಅಳುಕಿತ್ತು. ಅಳಲಿ ಎಂಬ ಆಸೆಯೂ ಇತ್ತು. ಪುಟ್ಟಗಂಗಿ ಕೌದಿಯನ್ನು ಮುಖಕ್ಕೆ ಒತ್ತಿಕೊಂಡು ಮೂಸಿತು. ಆಮೇಲೆ ಹಳೆಯದರಲ್ಲಿ ತೂರಿಕೊಂಡಂತೆಯೇ ಇದರಲ್ಲೂ ತೂರಿಕೊಂಡು ತಲೆ ಹೊರಗೆ ಹಾಕಿ ನಕ್ಕಿತು. ಸ್ವಲ್ಪ ಹೊತ್ತಿಗೆ ನಿದ್ದೆ ಹೋಯಿತು. ರಾಮಕ್ಕ ಸಂಜೆಯ ಬಸ್ಸಿಗೆ ಕಾಯದೆ ಹಂದನಕೆರೆಯಿಂದ ನಡೆದೇ ಹೊರಟಳು. ಮುಂದಿನ ಊರಿನ ಹತ್ತಿರ ಅದೇ ಬಸ್ಸು ಅವಳನ್ನು ಹಿಂದಿನಿಂದ ಬಂದು ಸೇರಿಕೊಂಡಿತು.

ಕಪ್ಪು ಕೌದಿಯನ್ನು ಅವಳು ಸುಡಲಿಲ್ಲ. ಒಲೆಯ ಮುಂದೆ ಎರಡು ಸಲ ಕೂತು ಎದ್ದಳು. ಕೊನೆಗೆ ಬೇವಿನ ಸೊಪ್ಪು ಹಾಸಿ, ಒಂದು ಗುಡಾಣದೊಳಗಿಟ್ಟು, ಅಟ್ಟಕ್ಕೆ ಏರಿಸಿದಳು. ಕೆಳಗೆ ಒಲೆಯ ಹೊಗೆ, ಪಕ್ಕದಲ್ಲಿ ಒಣಗುವ ಕಾಯಿ. ಹುಳ ಬರುವುದಿಲ್ಲ, ತೇವ ಬರುವುದಿಲ್ಲ. ಬಿಚ್ಚಿ ನೋಡಲು ಮನಸ್ಸು ಬರಲಿಲ್ಲ. ನೋಡದಿದ್ದರೆ ಇದ್ದ ಹಾಗೇ ಇರುತ್ತದೆ ಎಂದು ಅವಳಂಥ ಕಸುಬಿನವಳು ಅಂದುಕೊಳ್ಳಬಾರದಿತ್ತು. ಅಂದುಕೊಂಡಳು.

ಅಲ್ಲಿಂದ ಮುಂದೆ ಅವಳ ಕಸುಬೂ ಇಳಿಮುಖವಾಯಿತು. ಪೇಟೆಗೆ ಟೆರಿಕಾಟು, ಪಾಲಿಯೆಸ್ಟರ್ ಬಂದವು. ಮಟ್ಟೆ ಕಷಾಯ ಆ ನೂಲಿನ ಒಳಗೆ ಹೋಗುವುದೇ ಇಲ್ಲ. ಎಷ್ಟು ಕುದಿಸಿದರೂ ಮೇಲೆ ಮೇಲೆ ಕೂತು, ಒಂದು ಒಗೆತಕ್ಕೆ ಬಿಟ್ಟುಹೋಗುತ್ತದೆ. ಕರೆಯೂ ಹಾಗೆಯೇ ಸುಲಭವಾಗಿ ಹೋಗುತ್ತಿತ್ತು, ಆದ್ದರಿಂದ ಜನಕ್ಕೆ ಅದೇ ಬೇಕಾಯಿತು. ನೀನಿನ್ನು ಬಣ್ಣ ಕುದಿಸಿ ಕುಡಿಯಬೇಕಷ್ಟೇ ಎಂದು ಸಿದ್ದಗಂಗಮ್ಮ ಚೇಷ್ಟೆ ಮಾಡುತ್ತಿದ್ದಳು. ರಾಮಕ್ಕ ಹಳೆಯ ನೂಲಿನ ಬಟ್ಟೆ ಹುಡುಕಿಕೊಂಡು ಊರೂರು ಹೋಗುತ್ತಿದ್ದಳು. ಸಣ್ಣ ಕೌದಿ, ಸೊಂಟದ ಸಂಚಿ, ತಲೆಯ ಸಿಂಬೆ ಏನಾದರೂ ಹೊಲಿದು ಸಂತೆಗೆ ಒಯ್ಯುತ್ತಿದ್ದಳು. ಕಬ್ಬಿಣದ ನೀರಿನ ಗುಡಾಣವನ್ನು ಮಾತ್ರ ಒಡೆದು ಹಾಕಿದ್ದಳು. ಕಪ್ಪು ಕೇಳಿದವರಿಗೆ ಇಲ್ಲವೆನ್ನುತ್ತಿದ್ದಳು.

ಎಂಬತ್ತೈದರಲ್ಲಿ ಭೂತಮ್ಮ ತೀರಿಕೊಂಡಳು. ಕೊನೆಯವರೆಗೂ ಅವಳು ಕೌದಿಯ ಮಾತನ್ನು ಮಗನಿಗೂ ಹೇಳಿರಲಿಲ್ಲ. ಹೆಣದ ಮುಂದೆ ರಾಮಕ್ಕ ನಿಜವಾಗಿಯೇ ಅತ್ತಳು. ಅವಳ ಮೊಮ್ಮಗಳನ್ನು ಬೆಳೆಸಿದ ಕೈ ಅದು.

ಮರುವರ್ಷದ ಬೇಸಿಗೆಯಲ್ಲಿ ರಂಗಮ್ಮ ಪುಟ್ಟಗಂಗಮ್ಮನನ್ನು ಕರೆದುಕೊಂಡು ಹುಳಿಯಾರಿನ ಕಡೆ ಮದುವೆಗೆ ಹೋಗುವವಳು ದಾರಿಯಲ್ಲಿ ಕಂದಿಕೆರೆಗೆ ಬಂದಳು. ಹುಡುಗಿಗೆ ಹನ್ನೊಂದು ನಡೆಯುತ್ತಿತ್ತು. ಎರಡು ಜಡೆ, ಉದ್ದ ಕೈಕಾಲು. ಜಗುಲಿಯ ಮೇಲೆ ಕೂತು ನೀರು ಕುಡಿದು ರಂಗಮ್ಮ ತಾನೇ ಮಾತು ತೆಗೆದಳು. ಶಾಲೆಯಲ್ಲಿ ಯಾರೋ ನಿನ್ನ ಅವ್ವ ನಿನ್ನ ಹೆತ್ತವಳಲ್ಲ ಎಂದು ಅಂದಿದ್ದರಂತೆ. ಹುಡುಗಿ ಮನೆಗೆ ಬಂದು ಕೇಳಿದಾಗ ರಂಗಮ್ಮ ಮುಚ್ಚಿಡದೆ ಹೌದು ಎಂದಿದ್ದಳು.

"ನಂಗೆ ಆಯಮ್ಮನ ಮುಖವೂ ಗೊತ್ತಿಲ್ಲ. ಇವ್ಳು ಕೇಳಿದ್ರೆ ನಾನೇನ್ ಹೇಳ್ಲವ್ವ? ನೀವೇ ಏನಾರ ಇದ್ರೆ ತೋರ್ಸಿ," ಎಂದಳು.

ರಾಮಕ್ಕ ಏಣಿ ಹಾಕಿ ಅಟ್ಟ ಹತ್ತಿದಳು. ಗುಡಾಣವನ್ನು ಎದೆಗೆ ಅವುಚಿಕೊಂಡು ಇಳಿದಳು. ಬೇವಿನ ಸೊಪ್ಪು ಪುಡಿಯಾಗಿತ್ತು. ಕೌದಿ ಮಡಿಸಿಟ್ಟ ಹಾಗೆಯೇ ಇತ್ತು. ಅದನ್ನು ಹೊರಗೆ ತೆಗೆದು ಚಾಪೆಯ ಮೇಲಿಟ್ಟು ಮೊದಲ ಮಡಿಕೆ ಬಿಚ್ಚಿದಳು. ಮಡಿಕೆಯ ಗೆರೆಯುದ್ದಕ್ಕೂ ಮೇಲಿನ ಪದರ ಸದ್ದಿಲ್ಲದೆ ಬಿರಿಯಿತು. ಎರಡನೆಯ ಮಡಿಕೆಯೂ ಹಾಗೆಯೇ. ಹುಚ್ಚರಂಗಯ್ಯನ ಪಂಚೆ ಗಟ್ಟಿಯಾಗಿತ್ತು. ಭೂತಮ್ಮನ ಸೀರೆ ಗಟ್ಟಿಯಾಗಿತ್ತು. ಬೋರಮ್ಮನದು ಮಾತ್ರ ಬೆರಳು ತಾಕಿದಲ್ಲೆಲ್ಲ ಉದುರುತ್ತಿತ್ತು. ಹೊಲಿಗೆಯ ದಾರ ಸುತ್ತು ಸುತ್ತಾಗಿ ಖಾಲಿ ನಿಂತಿತ್ತು.

"ಇದು ನಿನ್ನ ಹೆತ್ತವ್ವನ ಸೀರೆ ಕಣವ್ವ. ಮೂರು ವರ್ಷದ ಕೂಸಿದ್ದಾಗ ನೀನು ಇದನ್ನೇ ಹೊದ್ದು ಮಲಗ್ತಿದ್ದೆ. ಬುಡುತಾನೇ ಇರಲಿಲ್ಲ."

ಹುಡುಗಿ ನೆನಪಿಸಿಕೊಳ್ಳಲು ನೋಡಿತು. ನೆನಪಾಗಲಿಲ್ಲವೆಂಬುದು ಮುಖದಲ್ಲೇ ಕಂಡಿತು. ಬಗ್ಗಿ, ಹುಷಾರಾಗಿ, ಒಂದು ಬೆರಳಿನಿಂದ ಮುಟ್ಟಿತು.

"ನಮ್ಮವ್ವ ಕರೀ ಸೀರೆ ಉಡ್ತಿದ್ಲಾ ಅಜ್ಜಿ?"

"ಇಲ್ಲ ಮಗ. ಹಸಿರು. ಗಿಣಿ ಹಸಿರು. ಕರೀದು ನಾನು ಮಾಡಿದ್ದು."

"ಯಾಕೆ?"

ರಂಗಮ್ಮ ತಲೆಯೆತ್ತಿ ನೋಡಿದಳು. ಹೇಳಲು ರಾಮಕ್ಕನಿಗೆ ಬಹಳವಿತ್ತು. ಭೂತಮ್ಮನ ಹೆಸರನ್ನು ತರಬೇಕಾಗಿತ್ತು. ಈ ಹುಡುಗಿಗೆ ಎಂಟು ಹತ್ತು ವರ್ಷ ತುತ್ತು ಮಾಡಿ ಉಣ್ಣಿಸಿದ ಅಜ್ಜಿ, ಸತ್ತು ಇನ್ನೂ ವರ್ಷವಾಗಿತ್ತಷ್ಟೆ.

"ನಿನ್ನ ಹತ್ರ ಇರ್ಲಿ ಅಂತ," ಎಂದಳು.

ಹುಡುಗಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಆದರೂ ತಲೆಯಾಡಿಸಿತು. ಒಂದು ಚೂರು ಕೊಡು, ಪುಸ್ತಕದ ಚೀಲಕ್ಕೆ ಹೊಲಿದುಕೊಳ್ಳುತ್ತೇನೆ ಎಂದು ಕೇಳಿತು. ರಾಮಕ್ಕ ಸೂಜಿ ದಾರ ತಂದು ಕೂತಳು. ಅಂಗೈಯಗಲ ಸಾಕು ಎಂದುಕೊಂಡು ಮೇಲಿನಿಂದ ನೋಡುತ್ತಾ ಬಂದಳು. ಅಂಚಿನ ಹತ್ತಿರ ಒಂದು ಕಡೆ ಗಟ್ಟಿ ಕಂಡಿತು. ಸೂಜಿ ಚುಚ್ಚಿ ದಾರ ಎಳೆದಾಗ ಸೀಳಿಕೊಂಡು ಬಂತು. ಸೆರಗಿನ ಕಡೆ ನೋಡಿದಳು. ನಡುವೆ ನೋಡಿದಳು. ತಿರುಗಿಸಿ ಮತ್ತೆ ಮೊದಲಿಂದ ನೋಡಿದಳು. ಹೊಲಿಗೆ ಹಿಡಿಯುವಷ್ಟು ಜಾಗ ಅದರಲ್ಲಿ ಎಲ್ಲಿಯೂ ಉಳಿದಿರಲಿಲ್ಲ.

ರಂಗಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಅಜ್ಜಿ ಇನ್ನೂ ಹುಡುಕುತ್ತಿರುವುದನ್ನು ಕಂಡು ಹುಡುಗಿಯೇ ಅವಳ ಕೈಯಿಂದ ಸೂಜಿ ತೆಗೆದು, ದಾರ ಸುತ್ತಿ, ಚಾಪೆಗೆ ಚುಚ್ಚಿಟ್ಟಿತು.

"ಬುಡಜ್ಜಿ," ಎಂದಿತು. "ಹಸಿರು ಅಂದ್ಯಲ್ಲ, ಅಷ್ಟು ಗೊತ್ತಾಯ್ತಲ್ಲ."